ಕಾಫಿ ನಿಂತ ಗುಳಿ

ಕಾಫಿಯ ವಾಸನೆ, ಆರಿಹೋದ ಕಾಫಿ, ಹಾಲಿಲ್ಲದ್ದು, ಎಲ್ಲಿಂದ ಬರುತ್ತಿದೆ ಎಂದು ಲೋವೆಲ್‌ಗೆ ಗೊತ್ತಿದೆ, ಆದರೂ ಮೂಗು ಸುಮ್ಮನಿರುವುದಿಲ್ಲ, ಪಕ್ಕದ ಸೀಟಿನ ಕೆಳಗಿನ ರಬ್ಬರು ಮ್ಯಾಟಿನಿಂದ, ಆರ್ಡಿಸ್ ಕಾಲಿಡುವ ಜಾಗದಿಂದ, ಚೆಲ್ಲಿದ ಕಾಫಿ ಹರಡಿಕೊಂಡು ಒಣಗಿಹೋಗಬೇಕು ತಾನೆ, ಇದು ಒಂದೇ ಕಡೆ ಕೂಡಿಕೊಂಡು ನಿಂತಿದೆ, ದೊಡ್ಡದೊಂದು ನಾಣ್ಯದಷ್ಟು ಅಗಲ, ಅಲ್ಲೊಂದು ಗುಳಿ ಬಿದ್ದಿದೆ ಮ್ಯಾಟಿನಲ್ಲಿ, ಯಾವಾಗ ಬಿತ್ತೋ, ಈಗೀಗ ಯಾರೂ ಒಂದು ಮ್ಯಾಟನ್ನೂ ನೆಟ್ಟಗೆ ಮಾಡುವುದಿಲ್ಲ — ಗಾಳಿ ಬಂದು ಗುದ್ದುತ್ತದೆ, ಟ್ರಕ್ಕು ಅಲುಗುತ್ತದೆ, ಗುಳಿಯ ಕಾಫಿ ಸಣ್ಣಗೆ ನಡುಗಿ ಮತ್ತೆ ಸುಮ್ಮನಾಗುತ್ತದೆ, ಹೆದ್ದಾರಿ ಬಿಟ್ಟು ಇಳಿದು ಲಾರಿಗಳ ತಂಗುದಾಣದಲ್ಲಿ ನಿಂತಾಗಿದೆ, ಎಂಜಿನ್ನು ಆರಿಸಿಯಾಗಿದೆ, ಆದರೂ ಕನ್ನಡಿಯಲ್ಲಿ ಆ ಬಿಳಿ ಗೋಡೆ, ಹಿಂದೆ ಕಟ್ಟಿಕೊಂಡು ಬಂದ ಟ್ರೇಲರು, ಚಕ್ರದ ಮೇಲಿನ ಮನೆ, ಇನ್ನೂ ಓಲಾಡುತ್ತಲೇ ಇದೆ, ಅದು ಗಾಳಿಗೆ, ವಯೋಮಿಂಗಿನ ಗಾಳಿ ಅಂದರೆ ಗಾಳಿ, ಅದಕ್ಕೆ ಟ್ರಕ್ಕೇನು ಮಾಡೀತು, ಅದಕ್ಕೆ ಓಡಿಸುವವನೇನು ಮಾಡಿಯಾನು, ಇದನ್ನು ಆರ್ಡಿಸ್‌ಗೆ ಹೇಳಬೇಕಿತ್ತು, ಹೇಳುವಷ್ಟರಲ್ಲಿ ಅವಳು ಬಾಗಿಲು ತೆಗೆದಾಗಿತ್ತು, ನಾನು ಒಳಗೆ ಕೂತಿರ್ತೀನಿ ಲೋವೆಲ್, ಅಂದಳು, ಅಷ್ಟೇ, ಕೈಚೀಲ ಎತ್ತಿಕೊಂಡಳು, ಸರಿ, ಹೆಂಗಸರು ಕೈಚೀಲ ಬಿಟ್ಟು ಹೋಗುವುದಿಲ್ಲ, ಆಮೇಲೆ ಹಿಂದಿನ ಸೀಟಿಗೆ ಕೈ ಚಾಚಿ ತನ್ನ ದಿಂಬನ್ನೂ ಎತ್ತಿಕೊಂಡಳು. ದಿಂಬು. ಒಂದು ಲೋಟ ಚಹಾ ಕುಡಿಯಲು ಹೋಗುವವರು ಯಾರಾದರೂ ದಿಂಬು ಹಿಡಿದುಕೊಂಡು ಹೋಗುತ್ತಾರೆಯೆ.

ಮುಂದೆ ಇನ್ನೊಂದು ಲಾರಿ ಇದೆ, ಅದು ತೂಕದ ಕಟ್ಟೆಯಿಂದ ಇಳಿದ ಮೇಲೆ ತನ್ನ ಸರದಿ, ತೂಗಿಸಿಯೇ ಬಿಡೋಣ, ತೂಗಿಸಿ ಅವಳ ಮುಂದೆ ಹೋಗಿ ನಿಲ್ಲೋಣ, ನೋಡು, ಎಲ್ಲ ಸರಿಯಾಗಿದೆ, ಈ ಟ್ರಕ್ಕಿಗೆ ಏನೂ ಆಗಿಲ್ಲ, ಇದೇ ಸಾಕು ಅಂತ — ಅರ್ಧ ಟನ್ನಿನದು, ಪಿಕಪ್ ಟ್ರಕ್ಕುಗಳಲ್ಲಿ ಸಣ್ಣದು, ಎಲ್ಲರ ಬಾಯಲ್ಲೂ ಅದೇ ಮಾತು, ಅರ್ಧ ಟನ್ನಿನದಾ, ಅರ್ಧ ಟನ್ನಿನದರಲ್ಲಿ ಇದನ್ನ ಎಳ್ಕೊಂಡ್ ಬಂದ್ರಾ, ಟ್ರೇಲರು ಹೂಡುವ ಬಯಲುಗಳಲ್ಲಿ ಸಂಜೆಯಾದರೆ ಸಾಕು, ಗಂಡಸರಿಗೆ ಬೇರೆ ಕೆಲಸವಿಲ್ಲ, ಕೈಯಲ್ಲೊಂದು ಮಗ್ಗು ಹಿಡಿದುಕೊಂಡು ಇನ್ನೊಬ್ಬನ ಗಾಡಿಯ ಕೊಂಡಿ ನೋಡಲು ಹೊರಡುತ್ತಾರೆ, ಬಗ್ಗುತ್ತಾರೆ, ಟ್ರಕ್ಕು ಟ್ರೇಲರು ಸೇರುವಲ್ಲಿ ಕಣ್ಣಿಡುತ್ತಾರೆ, ಹೊಗಳುವುದಿಲ್ಲ ತೆಗಳುವುದೂ ಇಲ್ಲ, ಚ್ ಅಂತ ಒಂದು ಸದ್ದು ಮಾಡುತ್ತಾರೆ, ಸ್ವಲ್ಪ ಮೂಗು ನೆಲಕ್ಕಿದೆ ಅಲ್ವಾ, ಅನ್ನುತ್ತಾರೆ, ನಂದು ಮುಕ್ಕಾಲು ಟನ್ನಿಂದು, ಅನ್ನುತ್ತಾರೆ, ಕೇಳಿದವರು ಯಾರು, ಹೋದ ಬೇಸಿಗೆಯಲ್ಲಿ ಒಬ್ಬ ತನ್ನ ಮೊಮ್ಮಗಳ ಕೈ ಹಿಡಿದುಕೊಂಡು ಬಂದು ತೋರಿಸಿದ, ನೋಡು ಪುಟ್ಟಿ, ಪಾಪ, ಆ ಟ್ರಕ್ಕಿಗೆ ಸೊಂಟನೋವು, ಅಂತ, ಮಗು ಬಂದು ಹಿಂದಿನ ಚಕ್ರ ಸವರಿ ಹೋಯಿತು. ಆರ್ಡಿಸ್ ನಕ್ಕಳು ಅವತ್ತು. ಹೌದು, ನಕ್ಕಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ರಾತ್ರಿ ಅವಳ ಬಲಗಾಲಿಗೆ ಮುಲಾಮು ತಿಕ್ಕಿದ, ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು, ಈ ಹಾಸಿಗೇನೇ ಸರಿ ಇಲ್ಲ ಅಂದ, ಮುಂದಿನ ವರ್ಷ ಹಾಸಿಗೆ ಬದಲಾಯಿಸೋಣ ಅಂದ, ಅವಳು ಹೂಂ ಅಂದಳು.

ಎಲ್ಲದರ ಹಿಂದೆ ಇರುವವನು ಡೆಲ್ಮರ್, ಆರ್ಡಿಸ್‌ಳ ತಮ್ಮ, ಅವನಿಗೊಂದು ದೊಡ್ಡ ಡೀಸೆಲ್ ಟ್ರಕ್ಕಿದೆ, ಅದರ ಮುಂದೆ ನಿಂತರೆ ಮನುಷ್ಯನಿಗೆ ಅದರ ಹಣೆ ಕಾಣದು, ಚರ್ಚಿನ ಗುಂಪಿಗೆ ಅವನೇ ಯಜಮಾನ, ಪ್ರತಿ ಬೇಸಿಗೆಯಲ್ಲಿ ತಮ್ಮ ತಮ್ಮ ಟ್ರೇಲರು ಕಟ್ಟಿಕೊಂಡು ಹೋಗಿ ದೂರದ ಊರುಗಳ ಪುಟ್ಟ ಪ್ರಾರ್ಥನಾಮಂದಿರಗಳನ್ನು ರಿಪೇರಿ ಮಾಡಿಕೊಡುವ ಮುದುಕರ ಗುಂಪು, ಕೂಲಿಯಿಲ್ಲ, ಊಟವಿದೆ, ಊಟ ಅಂದರೆ ಆರ್ಡಿಸ್‌ಳ ಕೈಯೂಟ, ಅವಳ ಕಬ್ಬಿಣದ ಬಾಣಲೆಗಳು, ಅವಳು ಡಬ್ಬಿಗೆ ತುಂಬಿದ ಬೀಟ್‌ರೂಟು, ಪೀಚು, ಈ ಸಲ ಬೆಟ್ಟದಾಚೆ ಒಂದು ಮಂದಿರದ ಸೂರು ಹೊದಿಸಬೇಕು, ಎಲ್ಲರೂ ಅಲ್ಲಿ ಸೇರುತ್ತಾರೆ, ಎಲ್ಲರೂ ಅವಳ ಅಡುಗೆಗೆ ಕಾಯುತ್ತಾರೆ — ಡೆಲ್ಮರ್ ಹಿಂದೆಯೇ ಬರುತ್ತಿದ್ದಾನೆ, ಇನ್ನೇನು ಬಂದುಬಿಡುತ್ತಾನೆ, ಬಂದರೆ ಮೊದಲು ಕೇಳುವುದು ಅದನ್ನೇ, ಏನ್ ಭಾವ, ಏನ್ ತೀರ್ಮಾನ ಮಾಡ್ದೆ? ಮುಂದಿನ ಊರಿನಲ್ಲಿ ಅವನ ಪರಿಚಯದವನೊಬ್ಬನ ಅಂಗಡಿಯಲ್ಲಿ ಮುಕ್ಕಾಲು ಟನ್ನಿನದೊಂದು ಕಾದಿರಿಸಿ ಇಟ್ಟಿದ್ದಾನಂತೆ, ಹೂಂ ಅಂದ್ರೆ ಸಾಕು ಭಾವ, ನಿಂದು ಅಲ್ಲಿ ಬಿಡು, ಅದನ್ನ ತಗೋ, ಕೊಂಡಿ ಹಾಕು, ಹೊರಡು. ಉಹ್ಞೂಂ ಅಂದ್ರೆ? ಉಹ್ಞೂಂ ಅಂದ್ರೆ ನಿನ್ ಇಷ್ಟ, ಅಕ್ಕನ್ನ ಕೇಳು. ಅಕ್ಕನ್ನ ಕೇಳು! ಅಕ್ಕ ಇವನಿಗೆ ಏನು ಹೇಳಿದ್ದಾಳೆ, ಯಾವಾಗ ಹೇಳಿದ್ದಾಳೆ, ಮನೆಯಲ್ಲಿ ಒಂದು ಮಾತಿಲ್ಲ ಕತೆಯಿಲ್ಲ, ತಮ್ಮನ ಹತ್ತಿರ ಹೋಗಿ ಹೇಳುತ್ತಾಳೆ ಅಂದರೆ, ಟ್ರಕ್ಕು ಅವಳ ಗಂಡನದೋ ಅವಳ ತಮ್ಮನದೋ. ಈ ಟ್ರಕ್ಕಿಗೆ ಏನು ಕಡಿಮೆಯಾಗಿದೆ, ಬೆಳಗಾದರೆ ಒಂದೇ ತಿರುವಿಗೆ ಎದ್ದು ಕೂರುತ್ತದೆ, ಮಂಜಿನಲ್ಲಿ ಎಂದೂ ಕೈಕೊಟ್ಟಿಲ್ಲ, ಬಾಗಿಲು ಹಾಕಿದರೆ ಆ ಸದ್ದು, ಒಳ್ಳೇ ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು, ಎಲ್ಲಿ ಕೈಯಿಟ್ಟರೆ ಎಲ್ಲಿ ಏನಿದೆ ಎಂದು ಕತ್ತಲಲ್ಲೂ ತಿಳಿಯುತ್ತದೆ, ಹೆಂಡತಿಯನ್ನು ಬಿಟ್ಟರೆ ಇಷ್ಟು ಗೊತ್ತಿರುವುದು ಇದೊಂದೇ.

ಎಳೆಯೋದು ಬೇರೆ, ಹೊರೋದು ಬೇರೆ ಭಾವ — ಅದನ್ನು ಅವನು ಹೇಳಿದ್ದು ವಸಂತದಲ್ಲಿ, ಚರ್ಚಿನ ಅಂಗಳದಲ್ಲಿ, ಎಲ್ಲರ ಎದುರಿಗೆ, ಟ್ರಕ್ಕಿನ ಬಾಗಿಲು ತೆಗೆದು ಸಂದಿಯಲ್ಲಿ ಅಂಟಿಸಿರುವ ಹಳದಿ ಚೀಟಿಗೆ ಬೆರಳಿಟ್ಟು, ನೋಡು ಇಲ್ಲಿ, ಬೆನ್ನ ಮೇಲೆ ಎಷ್ಟು ಹೊರಬಹುದು ಅಂತ ಇಲ್ಲಿದೆ, ನೀವಿಬ್ರು, ನಿನ್ ಸಾಮಾನು, ಆಮೇಲೆ ಟ್ರೇಲರಿನ ಮೂತಿ ಕೊಂಡಿ ಮೇಲೆ ಕೂತ್ಕೊಳ್ಳುತ್ತಲ್ಲ ಆ ಭಾರ, ಎಲ್ಲಾ ಸೇರಿ ಇದರೊಳಗೆ ಇರಬೇಕು, ನಿಂದು ದಾಟಿದೆ. ಟ್ರೇಲರು ಮಾರಿದ ಹುಡುಗ ಹೇಳಿದ್ದೇ ಬೇರೆ, ನಗುತ್ತ, ಇದೇನ್ ಮಹಾ ಸರ್, ನಿಮ್ ಟ್ರಕ್ಕು ಆಟ ಆಡ್ಕೊಂಡು ಎಳೆಯುತ್ತೆ, ಎಂಜಿನ್ನಿನ ಶಕ್ತಿ ತೋರಿಸಿದ, ಎಳೆಯುವ ಲೆಕ್ಕ ತೋರಿಸಿದ, ಹೊರುವ ಲೆಕ್ಕ ತೋರಿಸಲಿಲ್ಲ, ಬಾಗಿಲ ಸಂದಿಯ ಕಡೆ ನೋಡಲಿಲ್ಲ, ತಾನೂ ನೋಡಲಿಲ್ಲ, ನೋಡುವುದು ಯಾಕೆ, ಗಾಡಿ ಓಡಿಸುವುದನ್ನು ತನಗೆ ಚೀಟಿ ಹೇಳಿಕೊಡಬೇಕೆ, ನೆಬ್ರಾಸ್ಕದ ಮಂಜಿನಲ್ಲಿ ಒಂದು ಜೀವಮಾನ ಶಾಲೆಯ ಹಳದಿ ಬಸ್ಸು ಓಡಿಸಿದವನು, ಹಿಂದೆ ಕೂತ ಮಕ್ಕಳು ಹೋಗಿ ಅವರ ಮಕ್ಕಳು ಬಂದು ಕೂತರು, ಒಂದು ಚಕ್ರ ಮೋರಿಗಿಳಿಯಲಿಲ್ಲ. ಬಸ್ಸಿನ ಶೆಡ್ಡಿನಲ್ಲಿ ಬೆಳಗಿನ ಹೊತ್ತು ಚಾಲಕರ ಹರಟೆ, ಯಾರ ಬಸ್ಸು ಯಾರದು ಎಂದು ನಂಬರ್ ನೋಡಬೇಕಾಗಿರಲಿಲ್ಲ, ಬ್ರೇಕಿನ ಕೆಳಗಿನ ಮ್ಯಾಟು ನೋಡಿದರೆ ಸಾಕಿತ್ತು, ಹಿಮ್ಮಡಿ ಊರಿ ಊರಿ ಅಲ್ಲೊಂದು ಗುಳಿ ಬಿದ್ದಿರುತ್ತಿತ್ತು, ಒಬ್ಬೊಬ್ಬರದು ಒಂದೊಂದು ಥರ, ತೆಳ್ಳಗಿನದು, ಅಗಲವಾದದ್ದು, ಇದೇನಪ್ಪಾ ಇಷ್ಟು ಆಳ, ಇವನು ಹೆದರುಪುಕ್ಕಲ, ದಾರಿಯುದ್ದ ಬ್ರೇಕ್ ಮೇಲೇ ನಿಂತಿರ್ತಾನೆ, ಅಂತ ನಗುತ್ತಿದ್ದರು, ಲೋವೆಲ್‌ನ ಗುಳಿ ಮಾತ್ರ ತಟ್ಟೆಯಷ್ಟೂ ಆಳವಿಲ್ಲ, ಇವನಿಗೆ ಬ್ರೇಕೇ ಬೇಡ, ಅಂತ ಅದೇ ಗೆಳೆಯರು ಬೀಳ್ಕೊಡುವ ದಿನ ಆ ಮ್ಯಾಟನ್ನೇ ಕತ್ತರಿಸಿ ಚೌಕಟ್ಟು ಹಾಕಿಸಿ ಕೊಟ್ಟರು, ಈಗಲೂ ಗ್ಯಾರೇಜಿನ ಗೋಡೆಯ ಮೇಲಿದೆ. ಚಾಲಕನ ಜೊತೆ ಮಾತಾಡಬಾರದು, ಬಸ್ಸಿನಲ್ಲಿ ಹಲಗೆ ಇರುತ್ತಿತ್ತು, ಆರ್ಡಿಸ್ ಮದುವೆಯಾದ ಹೊಸತರಲ್ಲಿ ಎಲ್ಲಿಗೋ ಹೋಗುವಾಗ ಮೆಲ್ಲಗೆ, ಮೆಲ್ಲಗೆ ಲೋವೆಲ್, ಅಂದಳು, ತಾನು ತಮಾಷೆಗೆ, ಅರ್ಧ ತಮಾಷೆಗೆ, ಹಲಗೆ ಓದಿಲ್ವಾ ನೀನು? ಅಂದ. ಅವಳು ಓದಿದವಳಂತೆ ಸುಮ್ಮನಾದಳು. ಅದಾದ ಮೇಲೆ ಓಡಿಸುವ ವಿಷಯಕ್ಕೆ ಅವಳು ಒಂದು ಮಾತೂ ಆಡಿದವಳಲ್ಲ, ಒಳ್ಳೆಯ ಹೆಂಗಸು, ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಏನಾದರೂ ಪದ್ಯ ಹೇಳಿಕೊಳ್ಳುತ್ತಿರುತ್ತಾಳೆ, ತುಟಿಯೊಳಗೇ, ಪ್ರಾರ್ಥನೆಯ ಸಾಲುಗಳು, ಅದನ್ನು ಕೇಳುತ್ತ ಓಡಿಸುವುದು ಎಂದರೆ ಲೋವೆಲ್‌ಗೆ ಒಳಗೊಳಗೇ ಒಂದು ಸುಖ, ಅಜ್ಜಿ ಹಿಟ್ಟು ನಾದುತ್ತ ಹೀಗೇ ಹೇಳುತ್ತಿದ್ದಳು, ನಾದುವ ಕೈಗೂ ಸಾಲಿಗೂ ಒಂದೇ ಲಯ, ಅರ್ಥ ಗೊತ್ತಿಲ್ಲದ ಹುಡುಗನಿಗೂ ಲಯ ಗೊತ್ತಿತ್ತು, ಮೇಜಿನ ಕೆಳಗೆ ಕೂತು ಕೇಳುತ್ತಿದ್ದ — ಆರ್ಡಿಸ್‌ಳ ಲಯ ಬೇರೆ, ಅವಳದು ಇದ್ದಕ್ಕಿದ್ದಂತೆ ಶುರುವಾಗುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ.

ಚರ್ಚಿನ ಅಂಗಳದ ಆ ಮಾತಿಗೆ ಡೆಲ್ಮರ್‌ಗೆ ಉತ್ತರ ಕೊಡಬೇಕಿತ್ತು, ಕೊಟ್ಟ. ಊರಿನ ಧಾನ್ಯದ ಗೋದಾಮಿನಲ್ಲಿ ತೂಕದ ಕಟ್ಟೆಯಿದೆ, ಅಲ್ಲಿ ನಿಲ್ಲಿಸಿ ತೂಗಿಸಿದ, ಹೌದು, ಕೊಂಡಿಯ ಮೇಲೆ ಭಾರ ಹೆಚ್ಚಿತ್ತು, ಆ ಚೀಟಿ ಸುಳ್ಳು ಹೇಳಿರಲಿಲ್ಲ, ಸರಿ, ಮುಂಭಾರ ತಾನೆ, ಮುಂದಿರುವುದನ್ನು ಹಿಂದಕ್ಕೆ ಕಳಿಸಿದರಾಯಿತು, ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಕೂತು ಟ್ರೇಲರಿನ ಮೂತಿಯಲ್ಲಿದ್ದ ಉಪಕರಣಗಳ ಪೆಟ್ಟಿಗೆ, ನೀರಿನ ಕ್ಯಾನುಗಳು, ಆರ್ಡಿಸ್‌ಳ ಬಾಣಲೆ, ಡಬ್ಬಿಗಳು, ಎಲ್ಲವನ್ನೂ ಒಂದೊಂದಾಗಿ ಹೊತ್ತು ಬಾಲದ ಕಡೆಗೆ ಒಯ್ದ, ಮಲಗುವ ಮಂಚದ ಕೆಳಗೆ ತುರುಕಿದ, ಟ್ರೇಲರಿನ ಹಿಂದಿನ ಬಂಪರಿಗೆ ಒಂದು ಕಬ್ಬಿಣದ ಸ್ಟ್ಯಾಂಡು ಕಟ್ಟಿಸಿ ಜನರೇಟರನ್ನು ಅಲ್ಲಿ ಕೂರಿಸಿದ, ಮತ್ತೆ ತೂಗಿಸಿದ, ಕೊಂಡಿಯ ಮೇಲಿನ ಭಾರ ಇಳಿದಿತ್ತು, ಟ್ರಕ್ಕು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿತ್ತು, ಆಹಾ, ಯಾರಿಗೆ ಸೊಂಟನೋವು ಈಗ, ಭಾನುವಾರ ಡೆಲ್ಮರ್‌ನನ್ನು ಕರೆದು ತೋರಿಸಿದ, ಡೆಲ್ಮರ್ ಸುತ್ತ ಒಂದು ಸಲ ನಡೆದ, ತಲೆ ಕೆರೆದುಕೊಂಡ, ಏನ್ ಮಾಡ್ದೆ ಭಾವ, ಎಲ್ಲಿಗೋಯ್ತು ಭಾರ? ದೇವರ ದಯೆ, ಅಂದ ಲೋವೆಲ್, ಆ ದಿನವೆಲ್ಲ ನಗು ಬರುತ್ತಿತ್ತು. ಅಜ್ಜ ಹುಲ್ಲಿನ ಗಾಡಿಗೆ ಕುದುರೆ ಕಟ್ಟುವಾಗ ಹೇಳುತ್ತಿದ್ದದ್ದು ನೆನಪಿಗೆ ಬರಲಿಲ್ಲವೆ, ಬಂತು, ಬಂದೇ ಬಂತು, ಹಿಂಭಾರ ಮಾಡಬೇಡ್ರೋ, ಇಳಿಜಾರಲ್ಲಿ ಗಾಡೀನೇ ಕುದುರೆನ ಆಡಿಸುತ್ತೆ ಅಂತ, ಆದರೆ ಅದು ಕುದುರೆ, ಅದು ಮರದ ಗಾಡಿ, ಇದು ಬೇರೆ, ಇದಕ್ಕೆ ಓಲಾಟ ತಡೆಯುವ ಸರಳಿದೆ, ಟ್ರೇಲರಿಗೆ ಅದರದೇ ಬ್ರೇಕಿದೆ, ಸ್ಟೀರಿಂಗಿನ ಹತ್ತಿರ ಅದಕ್ಕೊಂದು ಪುಟ್ಟ ಹಿಡಿಯಿದೆ, ಕೈಯಲ್ಲಿ ಬಲವಿದೆ.

ಮೊದಲ ಸಲನಾ, ಮರುತೂಕನಾ ಚಿನ್ನ? — ಕಂಬದ ಮೇಲಿನ ಪೆಟ್ಟಿಗೆಯಿಂದ ಹೆಂಗಸಿನ ದನಿ, ಯಾವಾಗ ಕಟ್ಟೆಗೆ ಹತ್ತಿಸಿದನೋ ತಿಳಿಯಲೇ ಇಲ್ಲ, ಕೈಕಾಲು ತಾವೇ ಓಡಿಸಿಕೊಂಡು ಬಂದಿವೆ, ಮೊದಲ ಸಲ ಅಂದ, ಕಂಪನಿ ಯಾವ್ದು? ಕಂಪನಿ ಇಲ್ಲಮ್ಮ, ನಾನೇ, ನಾನು ನನ್ನ ಹೆಂಡತಿ, ಹೆಂಡತಿಯೂ ಗಾಡಿಯಲ್ಲೇ ಇದ್ದಾರಾ? ಇಲ್ಲ, ಒಳಗಿದ್ದಾಳೆ, ಹಾಗಾದ್ರೆ ಅವರ ತೂಕ ಬರಲ್ಲ, ತಿಂಡಿ ತಿಂದ್ಮೇಲೆ ಜಾಸ್ತೀನೇ ಆಗಿರುತ್ತೆ ಬಿಡು, ಅಂತ ಆ ಹೆಂಗಸು ತನ್ನ ಮಾತಿಗೆ ತಾನೇ ನಕ್ಕಳು, ಆಮೇಲೆ ಒಂದೊಂದು ಚಕ್ರದಚ್ಚಿನ ತೂಕವನ್ನೂ ಓದಿ ಹೇಳಿದಳು. ಸರಿಯಾಗಿತ್ತು. ಬಾಗಿಲ ಸಂದಿಯ ಚೀಟಿಗೆ ಎಷ್ಟು ಬೇಕೋ ಅದರೊಳಗೇ ಇತ್ತು, ಮತ್ತೆ ಹಾಗಾದರೆ ಸ್ವಲ್ಪ ಮುಂಚೆ ಆ ಇಳಿಜಾರಿನಲ್ಲಿ — ಬೇಡ, ಅದು ಗಾಳಿ, ಬಲಕ್ಕೆ ಬೆಟ್ಟ ಮುಗಿದು ಬಯಲು ತೆರೆಯುವ ಜಾಗ, ಗಾಳಿ ಅಲ್ಲಿ ಕಾದು ಕೂತಿರುತ್ತದೆ, ಎಡಗಡೆಯಿಂದ ಉದ್ದನೆಯ ಲಾರಿಯೊಂದು ದಾಟಲು ಬಂತು, ಅದರ ಗಾಳಿಯ ತಳ್ಳು, ಆಮೇಲೆ ಸೆಳೆತ, ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಹಾಗೆ, ಟ್ರೇಲರು ಒಮ್ಮೆ ಆ ಕಡೆ ಹೋಯಿತು, ಬರುತ್ತದೆ ಅಂದುಕೊಂಡ, ಬಂತು, ಬಂದದ್ದು ನಿಲ್ಲಲಿಲ್ಲ, ಈ ಕಡೆಗೆ ಅದಕ್ಕಿಂತ ದೊಡ್ಡದಾಗಿ ಬೀಸಿತು, ಮತ್ತೆ ಆ ಕಡೆ, ಟ್ರಕ್ಕಿನ ಹಿಂಭಾಗ ತನ್ನದಲ್ಲ ಅನ್ನಿಸಿತು, ಕಪ್ಪು ಹಾರಿತು, ಕಾಫಿ ಹಾರಿತು, ಬ್ರೇಕು ತುಳಿಯಬಾರದು, ಹಾಗೆ ಆದಾಗ ಟ್ರಕ್ಕಿನ ಬ್ರೇಕು ತುಳಿದವನು ಕೆಟ್ಟ, ಅದು ಗೊತ್ತು, ಕಾಲು ಎತ್ತಿದ, ಕೈಯನ್ನು ಆ ಪುಟ್ಟ ಹಿಡಿಗೆ ಹಾಕಿ ಟ್ರೇಲರಿನ ಬ್ರೇಕನ್ನಷ್ಟೇ ಹಿಂಡಿದ, ಅದು ಹಿಂದಕ್ಕೆ ಜಗ್ಗಿತು, ನೆಟ್ಟಗಾಯಿತು, ಅಷ್ಟೇ, ಒಂದು ಉಸಿರಿನಷ್ಟು ಹೊತ್ತು, ಬೇರೆ ಯಾರಾದರೂ ಓಡಿಸಿದ್ದರೆ ಇಬ್ಬರೂ ಕಣಿವೆಯಲ್ಲಿರುತ್ತಿದ್ದರು. ಅದನ್ನು ಯಾರು ಹೇಳಬೇಕು, ಭೇಷ್ ಲೋವೆಲ್ ಅಂತ ಯಾರು ಹೇಳಬೇಕು, ಪಕ್ಕಕ್ಕೆ ತಿರುಗಿದರೆ ಆರ್ಡಿಸ್ ಮುಂದಿನ ರಸ್ತೆಯನ್ನು ನೋಡುತ್ತಿದ್ದಳು, ಕೈ ಎರಡೂ ತೊಡೆಯ ಮೇಲೆ, ಸ್ಕರ್ಟಿನ ಮೇಲೆ ಕಾಫಿ, ತುಟಿ ಅಲ್ಲಾಡುತ್ತಿತ್ತು, ಕಾಲು ನೆಟ್ಟಗೆ ಚಾಚಿತ್ತು, ಬಲಗಾಲು.

ಒಳಗೆ ಹೋದ. ಹೋಗಬೇಕಲ್ಲ. ಕಿಟಕಿ ಪಕ್ಕದ ಮೇಜು, ಅವಳ ಮುಂದೆ ಒಂದು ತುಂಡು ಚೆರ್ರಿ ಪೈ, ಮುಟ್ಟಿಲ್ಲ, ದಿಂಬು ತೊಡೆಯ ಮೇಲೆ, ಬೆಕ್ಕನ್ನು ಕೂರಿಸಿಕೊಂಡ ಹಾಗೆ, ಅದರ ಮೇಲೆ ಕೈ, ತೂಗಿಸ್ದೆ, ಅಂದ, ಎಲ್ಲಾ ಸರಿ ಇದೆ, ಒಂಚೂರೂ ಹೆಚ್ಚಿಲ್ಲ. ಒಳ್ಳೇದಾಯ್ತು, ಅಂದಳು. ಮತ್ತೆ ಎದ್ದೇಳು. ಡೆಲ್ಮರ್‌ಗೆ ಫೋನ್ ಮಾಡ್ದೆ ಲೋವೆಲ್, ಅವನ ಗಾಡೀಲಿ ಬರ್ತೀನಿ ಅಂದೆ. ಅಲ್ಲಿ ಕೂತಿದ್ದ ಲಾರಿಯವರು ಯಾರೂ ತಿರುಗಲಿಲ್ಲ, ಆದರೂ ಎಲ್ಲರೂ ತಿರುಗಿದಂತಾಯಿತು, ಯಾಕೆ, ಅಂದ, ಅವನಂಥ ಟ್ರಕ್ಕೇ ಬೇಕಾ ನಿಂಗೆ, ಹಾಗಂತ ಬಾಯಿ ಬಿಟ್ಟು ಹೇಳು, ಮುಂದಿನ ಊರಲ್ಲಿ ಇದೆಯಂತಲ್ಲ, ನೀನು ಹೂಂ ಅನ್ನು, ತಗೊಂಡುಬಿಡೋಣ, ಇದನ್ನ ಅಲ್ಲೇ ಬಿಸಾಕೋಣ. ಅವಳು ಮೊದಲ ಸಲ ಅವನ ಮುಖ ನೋಡಿದಳು, ನಾನು ಟ್ರಕ್ಕು ಕೇಳಿದ್ನಾ? ಒಂದ್ಸಲನಾದ್ರೂ ಕೇಳಿದ್ನಾ? ಮತ್ತೇನ್ ಬೇಕು ನಿಂಗೆ? ಏನಿಲ್ಲ, ಕಾಲು ನೋಯ್ತಿದೆ. ಡೆಲ್ಮರ್ ಗಾಡೀಲಿ ಕೂತ್ರೆ ನೋಯಲ್ವಾ? ಅವಳು ಕಿಟಕಿಯ ಕಡೆ ತಿರುಗಿದಳು, ನೋಯಲ್ಲ, ಅಂದಳು. ಇನ್ನೊಂಚೂರು ಕಾಫಿ ಹಾಕ್ಲಾ ಚಿನ್ನ, ಅಂತ ಬಡಿಸುವವಳು ಬಂದಳು, ಬೇಡಮ್ಮ, ಇವತ್ತಿಗೆ ಸಾಕು, ಅಂದಳು ಆರ್ಡಿಸ್, ಲೋವೆಲ್ ಎದ್ದು ಹೊರಗೆ ಬಂದ, ಬಾಗಿಲನ್ನು ಗಾಳಿ ಕೈಯಿಂದ ಕಿತ್ತುಕೊಂಡು ಗೋಡೆಗೆ ಬಡಿಯಿತು, ಅವನು ಬಡಿದದ್ದಲ್ಲ, ಗಾಳಿ, ಆದರೆ ಒಳಗಿರುವವರಿಗೆ ಯಾರು ಹೇಳಬೇಕು.

ನೋಯಲ್ವಂತೆ! ಅವನದು ತೊಗಲಿನ ಸೀಟು, ಬಿಸಿಯಾಗುವ ಸೀಟು, ಅದಕ್ಕೇ ನೋಯುವುದಿಲ್ಲ, ಕಾಲಿನ ಡಾಕ್ಟರು ಮಂಡಿಯಲ್ಲಿ ಏನೂ ಇಲ್ಲ ಅಂದ, ಮಾಂಸಖಂಡ ಬಿಗಿದುಕೊಂಡಿದೆ ಅಂದ, ನೀವು ತುಂಬಾ ಗಾಡಿ ಓಡಿಸ್ತೀರಾ, ಅಂತ ಅವಳನ್ನು ಕೇಳಿದ, ಇಬ್ಬರೂ ನಕ್ಕರು, ಓಡಿಸೋದು ನಾನು ಡಾಕ್ಟ್ರೇ, ಇವಳು ಆರಾಮಾಗಿ ಕೂತಿರ್ತಾಳೆ, ಅಂದದ್ದು ತಾನೇ, ಹೀಗೆ ಒಬ್ಬೊಬ್ಬರದು ಒಂದೊಂದು ಮಾತು — ಆ ಟ್ರಕ್ಕು ತಗೊಂಡರೂ ತಪ್ಪು, ತಗೊಳ್ಳದಿದ್ದರೂ ತಪ್ಪು, ಹೂಂ ಅಂದರೆ ಡೆಲ್ಮರ್ ಗೆದ್ದ, ಇವನಿಗೆ ಆಗಲಿಲ್ಲ, ಮುದುಕನಾದ, ಬಸ್ಸಿನ ಲೋವೆಲ್‌ಗೆ ಕೊನೆಗೂ ದೊಡ್ಡ ಟ್ರಕ್ಕು ಬೇಕಾಯಿತು, ಉಹ್ಞೂಂ ಅಂದರೆ ಬೆಟ್ಟದಾಚೆಗೆ ಒಬ್ಬನೇ ಹೋಗಬೇಕು, ಪಕ್ಕದ ಸೀಟು ಖಾಲಿ, ಪದ್ಯವಿಲ್ಲ, ಎಲ್ಲರೂ ನೋಡುತ್ತಾರೆ, ಆರ್ಡಿಸ್ ಎಲ್ಲಿ, ತಮ್ಮನ ಗಾಡೀಲಿ ಬಂದ್ಲಂತೆ, ಹೌದಾ — ಅದಕ್ಕಿಂತ ಮುಂದಿನದನ್ನು ನೆನೆಯಲಾರ, ಇವತ್ತು ತಮ್ಮನ ಗಾಡಿ, ಮುಂದಿನ ಬೇಸಿಗೆಗೆ ಮನೆಯಲ್ಲೇ ಇರ್ತೀನಿ ಅನ್ನುತ್ತಾಳೆ, ಟ್ರೇಲರು ಹಿತ್ತಿಲಲ್ಲಿ ಹೊದಿಕೆ ಹೊದ್ದು ನಿಲ್ಲುತ್ತದೆ, ಇಬ್ಬರೂ ಕಿಟಕಿಯಿಂದ ಅದನ್ನು ನೋಡುತ್ತ ತಿಂಡಿ ತಿನ್ನುತ್ತಾರೆ. ಬೆಳಗ್ಗೆ ಹೊರಡುವಾಗ ಬಂಪರಿನ ಮುಂದೆ ನಿಂತು ಕೈ ಹಿಡಿದು ಪ್ರಾರ್ಥನೆ ಮಾಡಿದ್ದಳಲ್ಲ, ಎಂದಿನಂತೆ, ಎಂದಿನಂತೆ ಅಲ್ಲ, ಮೊದಲೆಲ್ಲ ಅದು ಒಂದೇ ಸಾಲಿನದು, ಹೋಗಿ ಬರುವ ದಾರಿ ಕಾಯಿ ತಂದೆಯೇ, ಆಮೆನ್, ಅಷ್ಟೇ, ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತ ಹೋಯಿತು, ಇವತ್ತು ಬೆಳಗ್ಗೆ ಗಾಳಿಗೆ ಟೋಪಿ ಹಾರುತ್ತಿದ್ದರೂ ಮುಗಿಸಲಿಲ್ಲ, ಒಂದೊಂದು ಬೆಟ್ಟವನ್ನೂ ಹೆಸರು ಹಿಡಿದು ಒಪ್ಪಿಸಿದಳು, ವಯಸ್ಸಾದಂತೆ ಭಕ್ತಿ ಹೆಚ್ಚುತ್ತದೆ ಅಂದುಕೊಂಡ, ಕಾಲು ಬದಲಿಸುತ್ತ ನಿಂತಿದ್ದ, ಒಳ್ಳೆಯದೇ ಅಂದುಕೊಂಡ.

ಕಾಫಿ ಒರೆಸಬೇಕು. ಅದನ್ನಾದರೂ ಮಾಡೋಣ, ತಗೊಂಡರೂ ಬಿಟ್ಟರೂ ಗಾಡಿ ಗಬ್ಬು ನಾರಬಾರದು, ಅವಳ ಕಡೆಯ ಬಾಗಿಲು ತೆಗೆದ, ಬಗ್ಗಲು ಸೊಂಟ ಒಪ್ಪಲಿಲ್ಲ, ಹತ್ತಿ ಅವಳ ಸೀಟಿನ ಮೇಲೇ ಕೂತ, ಬಾಗಿಲು ಎಳೆದುಕೊಂಡ, ಗಾಳಿಯ ಸದ್ದು ಕಡಿಮೆಯಾಯಿತು, ಈ ಸೀಟಿನಲ್ಲಿ ಎಂದಾದರೂ ಕೂತಿದ್ದೇನೆಯೆ, ಇಲ್ಲ, ಕೊಂಡ ದಿನದಿಂದಲೂ ಇಲ್ಲ, ಯಾಕೆ ಕೂರಬೇಕು, ಇಲ್ಲಿಂದ ಎಲ್ಲವೂ ಬೇರೆ ಥರ ಕಾಣುತ್ತದೆ, ಸ್ಟೀರಿಂಗು ದೂರ, ಆ ಪುಟ್ಟ ಹಿಡಿ ಕೈಗೆ ಎಟುಕದು, ಕೈಯಿಡಲು ಏನೂ ಇಲ್ಲ, ಈ ಕಡೆಯ ಕನ್ನಡಿಯನ್ನು ಅವನು ತನ್ನ ಕಣ್ಣಿಗೆಂದು ತಿರುಗಿಸಿಟ್ಟಿದ್ದಾನೆ, ಅಲ್ಲಿ ಕೂತರೆ ಅದರಲ್ಲಿ ಟ್ರೇಲರಿನ ಅಂಚು ಪೂರ್ತಿ ಕಾಣುತ್ತದೆ, ಎಷ್ಟು ಹೋಯಿತು, ಎಷ್ಟು ಬಂತು, ಎಲ್ಲ ತಿಳಿಯುತ್ತದೆ, ಇಲ್ಲಿಂದ ನೋಡಿದರೆ ಟ್ರೇಲರೇ ಇಲ್ಲ, ರಸ್ತೆಯಂಚು, ಅದರಾಚೆ ಕೆಳಗೆ ಇಳಿದುಹೋಗುವ ಒಣಹುಲ್ಲು, ಅಷ್ಟೇ, ಹಿಂದೆ ಏನು ಆಗುತ್ತಿದೆ ಎಂದು ಬೆನ್ನಿಗೆ ಮಾತ್ರ ತಿಳಿಯಬೇಕು. ಟಿಶ್ಯೂ ಹಿಡಿದು ಕೆಳಗೆ ಬಗ್ಗಿದ, ಒರೆಸಿದ, ಟಿಶ್ಯೂ ಕಾಫಿ ಹೀರಿಕೊಂಡಿತು, ಗುಳಿ ಉಳಿಯಿತು. ರಬ್ಬರಿನ ಗೆರೆಗಳೆಲ್ಲ ಸುತ್ತಲೂ ಹೊಸದಾಗಿವೆ, ಅಲ್ಲಿ ಮಾತ್ರ ಸವೆದು ನುಣ್ಣಗಾಗಿ, ಇನ್ನೂ ಸವೆದು ಹಾಳೆಯಷ್ಟು ತೆಳ್ಳಗಾಗಿದೆ, ದುಂಡಗೆ, ಆಳವಾಗಿ, ಮಾಡಿದವರ ತಪ್ಪಲ್ಲ, ಇದು ಹಾಗೆ ಹುಟ್ಟಿದ್ದಲ್ಲ, ಇಂಥದನ್ನು ಅವನು ನೋಡಿದ್ದಾನೆ, ಶೆಡ್ಡಿನಲ್ಲಿ ಬೆಳಗ್ಗೆ ಬೆಳಗ್ಗೆ, ಒಂದೊಂದು ಬಸ್ಸಿನ ಬ್ರೇಕಿನ ಕೆಳಗೆ, ಇದು ಹಿಮ್ಮಡಿಯ ಗುಳಿ, ಚಾಲಕನ ಗುಳಿ, ದಾರಿಯುದ್ದ ಬ್ರೇಕಿನ ಮೇಲೇ ನಿಂತವರದು — ಈ ಕಡೆ ಯಾರು ಓಡಿಸುತ್ತಾರೆ.

ಕಲ್ಲಿನಂಥ ಮೀನಖಂಡ, ಮುಲಾಮು, ಹೂಂ ಅಂದಳು, ಲಾರಿಯೊಂದು ದಾಟಲು ಬಂದಾಗ ಶುರುವಾಗುವ ಪದ್ಯ, ದಾಟಿಹೋದಾಗ ನಿಲ್ಲುವ ಪದ್ಯ, ಹಲಗೆ ಓದಿಲ್ವಾ ನೀನು, ಮಂಚದ ಕೆಳಗೆ ಅವಳದೇ ಬಾಣಲೆಗಳು, ಅವಳಿಗೆ ಹೇಳದೆ ಹಿಂದಕ್ಕೆ ಹೊತ್ತು ಹಾಕಿದ್ದು, ದೇವರ ದಯೆ ಅಂದದ್ದು — ಹೆದ್ದಾರಿಯಿಂದ ಡೆಲ್ಮರ್‌ನ ದೊಡ್ಡ ಹಣೆಯ ಟ್ರಕ್ಕು ಇಳಿದು ಬರುತ್ತಿದೆ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ, ಕಿವಿಗಿಟ್ಟುಕೊಂಡರೆ ಅವನೇ, ಬಂದೆ ಭಾವ, ಎಲ್ಲಿದೀಯಾ, ನಿನ್ ಸೀಟಲ್ಲಿ ಕಾಣ್ತಾ ಇಲ್ವಲ್ಲ, ಆ ಮುಕ್ಕಾಲು ಟನ್ನಿನವನಿಗೆ ಏನ್ ಹೇಳ್ಲಿ, ಹೂಂ ಅನ್ಲಾ ಉಹ್ಞೂಂ ಅನ್ಲಾ, ಭಾವ, ಕೇಳಿಸ್ತಾ — ಕೇಳಿಸುತ್ತಿದೆ, ಹಿಂದಿರುವುದನ್ನೆಲ್ಲ ಇಳಿಸಬೇಕು, ಮೊದಲು ಅದು, ಮುಂದಕ್ಕೆ ತರಬೇಕು, ತಂದರೆ ಚೀಟಿ ದಾಟುತ್ತದೆ, ದಾಟಿದರೆ ಮುಕ್ಕಾಲು ಟನ್ನಿನದು ಬೇಕು, ಬೇಕು, ಸರಿ, ತಗೊಳ್ಳೋಣ, ಅದರಲ್ಲೂ ಈ ಕಡೆಗೆ ಒಂದು ಸೀಟಿರುತ್ತದೆ, ಈ ಕಡೆಗೆ ಒಂದು ಹೊಸ ಮ್ಯಾಟಿರುತ್ತದೆ, ಗೆರೆಗೆರೆಯದು, ನೆಟ್ಟಗಿನದು, ಮತ್ತೆ ಈ ಕಡೆಗೆ — ಗಾಳಿ ಬಂದು ಗುದ್ದುತ್ತದೆ, ಬೆನ್ನ ಹಿಂದೆ ಏನೋ ಅಷ್ಟೂ ಉದ್ದಕ್ಕೂ ಓಲಾಡುತ್ತದೆ, ಕನ್ನಡಿಯಲ್ಲಿ ಬರೀ ಹುಲ್ಲು, ಅವನ ಬಲಗಾಲು ತನ್ನಷ್ಟಕ್ಕೇ ಮುಂದಕ್ಕೆ ಚಾಚುತ್ತದೆ, ಹಿಮ್ಮಡಿ ಜಾರಿ ಅವಳ ಗುಳಿಯೊಳಗೆ ಕೂರುತ್ತದೆ, ಕಾಫಿಯ ತಣ್ಣಗಿನ ಪಸೆ, ಭಾವ, ಇದೀಯಾ, ಅನ್ನುತ್ತಿದೆ ಫೋನು, ಅವನು ಒತ್ತುತ್ತಾನೆ, ಇರುವ ಬಲವೆಲ್ಲ ಹಾಕಿ ಒತ್ತುತ್ತಾನೆ, ಕಾಲ ಕೆಳಗೆ ಬ್ರೇಕಿಲ್ಲ, ಗುಳಿ.